ತಾಯಿ ಚಿಟ್ಟೆ ನೋಡಿಸಿದ್ದೀರಾ?

ಮೇಲೂರಿನ ಅಮ್ಮಾಜಮ್ಮನ ಹುಳುಮನೆಯ ಬಾಗಿಲಲ್ಲಿ ಎರಡು ಬೇಸಿನ್ನುಗಳಿದ್ದವು. ಎರಡರಲ್ಲೂ ಬ್ಲೀಚಿಂಗ್ ಪುಡಿ ಕಲಸಿದ ನೀರು. ರೇಷ್ಮೆ ಸಾಕುವ ಮನೆಗಳಲ್ಲಿ ಇದು ಹೊಸದಲ್ಲ. ಹೊರಗಿನ ರೋಗ ಒಳಗಿನ ಹುಳುವಿಗೆ ಅಂಟಬಾರದೆಂದು ಕೈಕಾಲು ಅದ್ದಿಯೇ ಒಳಗೆ ಹೋಗಬೇಕು. ಆದರೆ ಬೇರೆಯವರ ಮನೆಯಲ್ಲಿ ಎಲ್ಲರಿಗೂ ಒಂದೇ ಬೇಸಿನ್ನು. ಇಲ್ಲಿ ನೀಲಿ ಬೇಸಿನ್ನು ಮನೆಯವರದು, ಕೆಂಪು ಬೇಸಿನ್ನು ಸೊಸೆ ಯಾಮಿನಿಯದು.

ಯಾಮಿನಿ ವಾರವೆಲ್ಲ ಶಿಡ್ಲಘಟ್ಟದ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಎಚ್‌ಐವಿ ತಡೆಯುವ ಕೆಲಸ ಮಾಡುವ ಸಂಸ್ಥೆಯೊಂದರ ವ್ಯಾನು ಹತ್ತುತ್ತಾಳೆ. ಒಂದು ವಾರ ರೇಷ್ಮೆ ನೂಲು ತೆಗೆಯುವ ಘಟಕಗಳು, ಇನ್ನೊಂದು ವಾರ ಚಿಂತಾಮಣಿಯ ಲಾರಿ ಸ್ಟ್ಯಾಂಡು, ಮತ್ತೊಂದು ವಾರ ಸ್ಕಂದಗಿರಿಯ ಬುಡದಲ್ಲಿ ಜೀಪು ಓಡಿಸುವ ಹುಡುಗರು. ಅವರ ಜೊತೆ ಮಾತಾಡುವುದು, ಒಪ್ಪಿದವರಿಗೆ ರಕ್ತ ಪರೀಕ್ಷೆ ಮಾಡಿಸುವುದು, ಕೇಳಿದವರಿಗೆ ಕಾಂಡೋಮ್ ಕೊಡುವುದು ಅವಳ ಕೆಲಸ.

ಈ ಸುದ್ದಿಯನ್ನು ಅಮ್ಮಾಜಮ್ಮನಿಗೆ ತಲುಪಿಸಿದವನು ಹಾಲಿನ ಡೇರಿಯ ಚಲಪತಿ. ಮಾರನೆಯ ಬೆಳಿಗ್ಗೆ ಯಾಮಿನಿ ಹಾಲು ಹಾಕಲು ಹೋದಾಗ, ಕ್ಯಾನು ಹಿಡಿದು ನಿಂತವರೆಲ್ಲರ ಮುಂದೆ ಅವನು ಕೇಳಿದ.

"ಏನಮ್ಮ ಯಾಮಿನಿ, ಭಾನುವಾರದ ವ್ಯಾಪಾರ ಜೋರಾ?"

"ವ್ಯಾಪಾರ ಎಲ್ಲಿ ಬಂತು ಚಲಪತಿಯಣ್ಣ, ಎಲ್ಲಾ ಪುಕ್ಕಟೆ. ನಿಮ್ಗೂ ಬೇಕಾ?"

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಚಲಪತಿ ಹಾಲಿನ ಫ್ಯಾಟು ನೋಡುವ ಯಂತ್ರದ ಕಡೆ ತಿರುಗಿಕೊಂಡ. ಯಾಮಿನಿ ಗೆದ್ದೆನೆಂದುಕೊಂಡು ಮನೆಗೆ ಬಂದಳು. ಬರುವ ಹೊತ್ತಿಗೆ ಕೆಂಪು ಬೇಸಿನ್ನು ಬಾಗಿಲಲ್ಲಿ ಕೂತಿತ್ತು.

"ಎಲ್ಲೆಲ್ಲಿ ಮುಟ್ಟಿ ಬರ್ತೀಯೋ ಏನೋ. ಇದ್ರಲ್ಲೇ ತೊಳ್ಕೊ" ಎಂದಳು ಅತ್ತೆ.

ಯಾಮಿನಿ ತೊಳೆದುಕೊಂಡಳು. ಆ ವಾಸನೆ ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಮುದ್ದೆ ಮುರಿಯುವಾಗ ಬೆರಳಲ್ಲಿ ಅದೇ, ಮಗಳ ಜಡೆ ಹೆಣೆಯುವಾಗಲೂ ಅದೇ. ಹುಳುವಿಗಾಗಿ ತೊಳೆದುಕೊಳ್ಳುವುದು ಬೇರೆ, ನೀನೇ ರೋಗ ಅನ್ನಿಸಿಕೊಂಡು ತೊಳೆದುಕೊಳ್ಳುವುದು ಬೇರೆ. ಭಾನುವಾರದ ಕೆಲಸ ಬಿಟ್ಟರೆ ಆ ಬೇಸಿನ್ನು ಎದ್ದು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಿಡಲಿಲ್ಲ. ಘಟಕಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ಬೆರಳೆಲ್ಲ ಸುಕ್ಕಾದ ಹೆಂಗಸರು, ಘಟಕದ ಮಾಲೀಕ ಆಚೆ ಹೋದದ್ದು ನೋಡಿಕೊಂಡು ಅವಳ ಹತ್ತಿರ ಬಂದು, "ನಮ್ಮೆಜಮಾನ್ರು ಹೊರಗೆಲ್ಲ ಓಡಾಡ್ತಾರೆ. ನಾನೇನ್ ಮಾಡ್ಲಿ?" ಎಂದು ಕೇಳುತ್ತಿದ್ದರು. ಅವರಿಗೆ ಇದನ್ನು ಕೇಳಲು ಇನ್ನೊಬ್ಬರು ಇರಲಿಲ್ಲ.

ಹೀಗಿರುವಾಗ ನಾದಿನಿ ಭಾನುಪ್ರಿಯಾ ಗೌರಿಬಿದನೂರಿನ ಗಂಡನ ಮನೆಯಿಂದ ತವರಿಗೆ ಬಂದಳು. ಐದು ತಿಂಗಳ ಬಸುರಿ. ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಮಾಡುವ ಪರೀಕ್ಷೆಗಳೆಲ್ಲ ಆಗಿದ್ದವು, ಒಂದನ್ನು ಬಿಟ್ಟು. ನರ್ಸು ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಕೇಳಿದಾಗ ಪಕ್ಕದಲ್ಲಿದ್ದ ಅಮ್ಮಾಜಮ್ಮ, "ಅದೊಂದು ಬೇಡ, ನಮ್ದು ಅಂಥ ಮನೆ ಅಲ್ಲ" ಅಂದಿದ್ದಳು. ಭಾನುಪ್ರಿಯಾ ತಲೆ ತಗ್ಗಿಸಿಕೊಂಡು ಎದ್ದು ಬಂದಿದ್ದಳು.

"ಅದು ಎಲ್ಲಾ ಬಸುರೀರಿಗೂ ಮಾಡೋ ಪರೀಕ್ಷೆ ಅತ್ತೆ. ಮನೆ ನೋಡಿ ಮಾಡಲ್ಲ" ಎಂದು ಯಾಮಿನಿ ಹೇಳಿದಳು.

"ನಿನ್ ಭಾನುವಾರದ ಕೆಲ್ಸನ ನನ್ ಮಗಳ ಮೇಲೆ ತರಬ್ಯಾಡ" ಎಂದಳು ಅಮ್ಮಾಜಮ್ಮ.

ಅಂದು ಸಂಜೆ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿ ಭಾನುಪ್ರಿಯಾ ಯಾಮಿನಿಯ ಕೈ ಹಿಡಿದುಕೊಂಡಳು. "ಅತ್ತಿಗೆ, ಆ ಪರೀಕ್ಷೆ ತಡ ಮಾಡಿದ್ರೆ ಮಗೂಗೆ ಏನಾದ್ರೂ ಆಗತ್ತಾ?"

"ಬೇಗ ಗೊತ್ತಾದಷ್ಟೂ ಒಳ್ಳೇದು ಕಣೆ. ಇಲ್ಲ ಅಂತ ಗೊತ್ತಾದ್ರೆ ನೆಮ್ಮದಿ. ಇದೆ ಅಂದ್ರೆ ಅವತ್ತಿಂದಾನೇ ಮಾತ್ರೆ."

"ಅಮ್ಮ ಬಿಡಲ್ಲ."

"ರಕ್ತ ನಿಂದು. ಒಪ್ಪಿಗೆ ಕೇಳಬೇಕಾದ್ದೂ ನಿನ್ನನ್ನೇ."

ಆ ವಾರವೇ ಹುಳುವಿಗೆ ಹಾಲು ರೋಗ ಕಾಣಿಸಿತು. ಅಲ್ಲೊಂದು ಇಲ್ಲೊಂದು ಹುಳು ಊದಿ, ಚರ್ಮ ಒಡೆದು ಹಾಲಿನಂಥ ನೀರು ಸುರಿಸಿ ಸತ್ತಿತು. ಮಾವ ನರಸಿಂಹಪ್ಪ, "ಮಳೇಲಿ ನೆಂದ ಸೊಪ್ಪು ಹಾಕಿದ್ದೇ ತಪ್ಪಾಯ್ತು" ಎಂದು ಗೊಣಗಿದರು. ಅಮ್ಮಾಜಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಯಿಲೆ ಹುಳುಗಳನ್ನು ಆರಿಸಿ ಸುಣ್ಣದ ಡಬ್ಬಿಗೆ ಹಾಕುತ್ತಾ, ಸೊಸೆಗೆ ಕೇಳುವ ಹಾಗೆ ಹೇಳಿದಳು.

"ರೋಗದೋರ ಜೊತೆ ಓಡಾಡಿ ಬಂದ್ರೆ ಇನ್ನೇನಾಗತ್ತೆ. ಇನ್ಮೇಲೆ ಆ ಕೈ ನನ್ ಹುಳುಮನೆಗೆ ಬೇಡ."

ಭಾನುವಾರ ಬಂತು. ಉಳಿದ ಹುಳು ಕೊನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಹಸಿದು ಕೂತಿತ್ತು. ಈ ಹೊತ್ತಿನಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತದೆ. ಕೂಲಿಯವರೆಲ್ಲ ಯಾರದೋ ಮದುವೆಗೆ ಹೋಗಿದ್ದರು. ಯಾಮಿನಿ ಅಂದು ವ್ಯಾನಿಗೆ ರಜೆ ಹೇಳಿದಳು. ಸ್ವಲ್ಪ ಹೊತ್ತಿಗೆ ಅವಳ ಜೊತೆ ಕೆಲಸ ಮಾಡುವ ತನುಜ ಸಹಾಯಕ್ಕೆಂದು ಬಂದಳು. ಮಂಚೇನಹಳ್ಳಿಯ ಕಡೆಯವಳು, ಹುಳು ಸಾಕುವ ಮನೆಯಲ್ಲೇ ಬೆಳೆದವಳು. ಬಂದವಳೇ ಚಪ್ಪಲಿ ದೂರ ಬಿಟ್ಟು, ಯಾರೂ ಹೇಳದೆಯೇ ನೀಲಿ ಬೇಸಿನ್ನಿನಲ್ಲಿ ಕೈಕಾಲು ಅದ್ದಿದಳು.

ಅಮ್ಮಾಜಮ್ಮನಿಗೆ ಅದು ಹಿಡಿಸಿತು. "ಹುಳುಮನೆ ರೀತಿ ಗೊತ್ತಿರೋಳು. ಯಾರಮ್ಮ ನೀನು?"

"ಯಾಮಿನಿಯಕ್ಕನ ಜೊತೆ ಕೆಲ್ಸ ಮಾಡ್ತೀನಮ್ಮ. ಭಾನುವಾರದ ಕೆಲ್ಸ." ತನುಜ ಕೈ ಒರೆಸಿಕೊಂಡಳು. "ನೀವು ಆಮೇಲೆ ಯಾರಿಂದಲೋ ಕೇಳೋದು ಬೇಡ, ನಾನೇ ಹೇಳ್ಬಿಡ್ತೀನಿ. ನಂಗೆ ಎಚ್‌ಐವಿ ಇದೆ."

ಅಮ್ಮಾಜಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಬರಬ್ಯಾಡ."

"ನನ್ನಿಂದ ನಿಮ್ ಹುಳುಗೆ ಬರಲ್ಲಮ್ಮ. ನಿಮ್ಗೂ ಬರಲ್ಲ. ಮುಟ್ಟಿದ್ರೆ, ಜೊತೇಲಿ ಉಂಡ್ರೆ, ಒಂದೇ ನೀರಲ್ಲಿ ಕೈ ತೊಳೆದ್ರೆ ಬರೋ ಕಾಯಿಲೆ ಅಲ್ಲ ಇದು. ಕಾಂಡೋಮ್ ಇಲ್ದೆ ಕೂಡಿದ್ರೆ ಬರತ್ತೆ. ಸೋಂಕಿರೋ ರಕ್ತ, ಸೂಜಿಯಿಂದ ಬರತ್ತೆ. ಮಾತ್ರೆ ತಗೊಳ್ದೇ ಇದ್ರೆ ತಾಯಿಂದ ಮಗೂಗೆ ಬರತ್ತೆ."

"ಅದೆಲ್ಲ ನಂಗೆ ಬ್ಯಾಡ. ಬರಬ್ಯಾಡ ಅಂದ್ನಲ್ಲ."

"ಸರಿ, ಬರಲ್ಲ. ಹಂಗಂತ ಹೋಗೋದೂ ಇಲ್ಲ. ಹುಳು ಹಸ್ಕೊಂಡಿದೆ."

ತನುಜ ಹೊರಗೆ ಹೊಂಗೆಮರದ ಕೆಳಗೆ ಕೂತು ಸೊಪ್ಪಿನ ಕಡ್ಡಿಗಳನ್ನು ಬಿಡಿಸಿ ಕಟ್ಟತೊಡಗಿದಳು. ಯಾಮಿನಿ ಅವಳ ಪಕ್ಕ ಕೂತಳು. ನರಸಿಂಹಪ್ಪ ಕಟ್ಟುಗಳನ್ನು ಹೊತ್ತು ಒಳಗೆ ಸಾಗಿಸಿದರು. ಅಮ್ಮಾಜಮ್ಮ ಅವನ್ನು ಇಸಿದುಕೊಂಡು ಹುಳುವಿಗೆ ಹಾಸಿದಳು. ಬೇಡ ಎನ್ನಲು, ಸೊಪ್ಪು ಬಿಡಿಸುವವರು ಬೇರೆ ಯಾರೂ ಇರಲಿಲ್ಲ.

ಮಧ್ಯಾಹ್ನ ಭಾನುಪ್ರಿಯಾ ಮಜ್ಜಿಗೆ ತಂದು ತನುಜಳಿಗೆ ಕೊಟ್ಟು, ಲೋಟ ಇಸಿದುಕೊಂಡು, ಅದೇ ಲೋಟದಲ್ಲಿ ತಾನೂ ಬಗ್ಗಿಸಿಕೊಂಡು ಕುಡಿದಳು. ಬಾಗಿಲಲ್ಲಿದ್ದ ಅಮ್ಮಾಜಮ್ಮ ನೋಡಿದಳು.

"ಭಾನು, ಏನೇ ಅದು?"

"ಮಜ್ಜಿಗೆ" ಎಂದಳು ಭಾನುಪ್ರಿಯಾ. ಎದ್ದು ನಿಂತಳು. "ಅಮ್ಮ, ಒಂದು ಕೇಳ್ತೀನಿ. ಚಾಕಿ ಕೇಂದ್ರಕ್ಕೆ ಮರಿಹುಳು ತರಕ್ಕೆ ಹೋದಾಗ್ಲೆಲ್ಲ ನೀನು ಮೊದ್ಲು ಏನ್ ಕೇಳ್ತೀಯ?"

ನರಸಿಂಹಪ್ಪ ಹೇಳಿದರು. "ತಾಯಿ ಚಿಟ್ಟೆ ನೋಡವ್ರಾ ಅಂತ ಕೇಳ್ತಾಳೆ. ಹೂಂ ಅನ್ನೋಗಂಟ ಹುಳು ಮುಟ್ಟಲ್ಲ."

ಹುಳು ಸಾಕುವವರಿಗೆಲ್ಲ ಇದು ಗೊತ್ತು. ಗಂಟು ರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದೆ. ಅದಕ್ಕೇ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಪರೀಕ್ಷೆ ಮಾಡಿದ ಮೇಲೆಯೇ ಮೊಟ್ಟೆ ಹೊರಗೆ ಬರುವುದು.

"ಹುಳು ಮೊಟ್ಟೆಗೆ ತಾಯಿನ ನೋಡಿದಾರಾ ಅಂತ ಕೇಳ್ತೀಯ" ಎಂದಳು ಭಾನುಪ್ರಿಯಾ. "ನನ್ ಹೊಟ್ಟೇಲಿರೋದಕ್ಕೆ ಕೇಳಲ್ವಾ?"

ಅಮ್ಮಾಜಮ್ಮನ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಳಿಯಿತು. ಅವಳ ದನಿ ಬೇರೆಯಾಗಿತ್ತು.

"ತಾಯಿ ಚಿಟ್ಟೇಲಿ ರೋಗ ಸಿಕ್ಕಿದ್ರೆ ಏನ್ ಮಾಡ್ತಾರೆ ಗೊತ್ತೇನೇ ನಿಂಗೆ? ಮೊಟ್ಟೆನೆಲ್ಲ ಸುಡ್ತಾರೆ. ಅಕಸ್ಮಾತ್ ನಿಂಗೆ ಐತೆ ಅಂದ್ರೆ, ನಿನ್ನ ಏನ್ ಮಾಡ್ತಾರೋ ಆ ಮನೆಯೋರು? ಗೊತ್ತಿಲ್ದೆ ಇದ್ರೆ ಬಾಳ್ಕೊಂಡಾದ್ರೂ ಇರ್ತೀಯ ಅಂತ..."

ಯಾಮಿನಿಗೆ ಆಗ ಅರ್ಥವಾಯಿತು. ಇಷ್ಟು ದಿನ ಅತ್ತೆಯದು ಅಸಹ್ಯ ಎಂದುಕೊಂಡಿದ್ದಳು. ಅದರ ಅಡಿಯಲ್ಲಿ ಇದ್ದದ್ದು ಹೆಣ್ಣು ಹೆತ್ತವಳ ಭಯ. ಆ ಭಯ ಮಗಳಿದ್ದ ಯಾಮಿನಿಗೂ ಹೊಸದಲ್ಲ. ಆದರೂ ಅವಳು ಎದ್ದು ಹೋಗಿ ಸಮಾಧಾನ ಹೇಳಲಿಲ್ಲ. ಮಾತಾಡಬೇಕಾದವಳು ತನುಜ.

"ನನ್ನನ್ನೂ ಆಚೆ ಹಾಕಕ್ಕೆ ನೋಡಿದ್ರಮ್ಮ" ಎಂದಳು ತನುಜ, ಕಡ್ಡಿ ಬಿಡಿಸುತ್ತಲೇ. "ಬಸುರೀಲಿ ಗೊತ್ತಾಯ್ತು. ಗಂಡನಿಂದ ಬಂದಿದ್ದು, ಆದ್ರೆ ಪೆಟ್ಟಿಗೆ ಕಟ್ಟಿದ್ದು ನನ್ನದನ್ನ. ನಾನು ಹೋಗ್ಲಿಲ್ಲ. ಬಾಗ್ಲಲ್ಲೇ ಕೂತೆ, ಈಗ ಕೂತಿದೀನಲ್ಲ, ಹಿಂಗೇ. ದಿನಾ ಮಾತ್ರೆ ತಗೊಂಡೆ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಆಯ್ತು. ಮಗೂಗೂ ಹುಟ್ಟಿದ ತಕ್ಷಣ ಔಷಧಿ ಹಾಕಿದ್ರು. ಒಂದೂವರೆ ವರ್ಷಕ್ಕೆ ಕೊನೇ ಪರೀಕ್ಷೆ. ಮಗಳಿಗೆ ಸೋಂಕಿಲ್ಲ. ಈಗ ಸ್ಕೂಲಿಗೆ ಹೋಗ್ತಾಳೆ, ನನ್ ಮಾತು ಒಂದೂ ಕೇಳಲ್ಲ." ಅವಳು ನಕ್ಕಳು. "ಹುಳುಗೆ ಮಾತ್ರೆ ಇಲ್ಲ, ಅದಕ್ಕೇ ಸುಡ್ತಾರೆ. ನಮ್ಗೆ ಇದೆ. ನಾವು ಹುಳು ಅಲ್ಲಮ್ಮ."

ಒಳಗಿಂದ ಹುಳು ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಅಮ್ಮಾಜಮ್ಮ ಬಗ್ಗಿ ಕೆಂಪು ಬೇಸಿನ್ನಿನ ನೀರನ್ನು ಚರಂಡಿಗೆ ಚೆಲ್ಲಿದಳು.

"ಸೊಪ್ಪು ಸಾಲ್ತಾ ಇಲ್ಲ" ಎಂದಳು, ಯಾರ ಮುಖವನ್ನೂ ನೋಡದೆ. "ಇಬ್ರೂ ಒಳಗೆ ಬನ್ನಿ. ಒಬ್ಬೊಬ್ರು ಒಂದೊಂದು ಸಾಲು ಹಾಸ್ರಿ."

ಸೋಮವಾರ ಅಮ್ಮಾಜಮ್ಮ ಮಗಳ ಜೊತೆ ತಾನೇ ಆಸ್ಪತ್ರೆಗೆ ಹೋದಳು. ಪರೀಕ್ಷಾ ಕೇಂದ್ರದ ಸಲಹೆಗಾರ್ತಿ ಭಾನುಪ್ರಿಯಾಳನ್ನು ಒಬ್ಬಳನ್ನೇ ಒಳಗೆ ಕರೆದಳು. ತಾಯಿ ಹೊರಗಿನ ಬೆಂಚಿನ ಮೇಲೆ ಕೂತಳು. ಅದೇ ಹೊತ್ತಿಗೆ ಮಂಡಿನೋವಿಗೆ ಮಾತ್ರೆ ತೆಗೆದುಕೊಳ್ಳಲು ಬಂದ ಚಲಪತಿ ಬಾಗಿಲ ಮೇಲಿನ ಬೋರ್ಡು ಓದಿದ, ಅಮ್ಮಾಜಮ್ಮನನ್ನು ನೋಡಿದ.

"ಏನಕ್ಕ, ನೀನೂ ಈ ರೂಮಿನ ಮುಂದೇನಾ?"

ಬೆಂಚಿನಲ್ಲಿದ್ದವರೆಲ್ಲ ತಿರುಗಿದರು. ಒಂದು ವಾರದ ಹಿಂದಾಗಿದ್ದರೆ ಅಮ್ಮಾಜಮ್ಮ ಸೆರಗು ಮುಖಕ್ಕೆಳೆದುಕೊಳ್ಳುತ್ತಿದ್ದಳು.

"ಹೂಂ ಕಣಪ್ಪ. ತಾಯಿ ಚಿಟ್ಟೆ ನೋಡಿಸ್ತಾ ಇವ್ನಿ. ನಿನ್ ಸೊಸೇನೂ ಬಸುರಿ ಅಂತಾರಲ್ಲ. ನೋಡಿಸಿದ್ಯಾ?"

ಚಲಪತಿ ಕೈಯಲ್ಲಿದ್ದ ಮಾತ್ರೆ ಚೀಟಿಯ ಕಡೆ ನೋಡಿದ. "ಹೋಗು, ಕರ್ಕೊಂಡ್ ಬಾ" ಎಂದಳು ಅಮ್ಮಾಜಮ್ಮ. "ನಾನು ಇಲ್ಲೇ ಕೂತಿರ್ತೀನಿ. ನಾಚ್ಕೆ ಆದ್ರೆ ನನ್ ಪಕ್ಕ ಕೂರ್ಲಿ."

ಭಾನುಪ್ರಿಯಾಳ ಪರೀಕ್ಷೆಯಲ್ಲಿ ಏನು ಬಂತು ಎಂದು ನೀವು ಕೇಳಬಹುದು. ಅದನ್ನು ಹೇಳುವುದಿಲ್ಲ. ಅದು ಭಾನುಪ್ರಿಯಾಳ ವಿಷಯ. ಅವಳು ಒಪ್ಪದೆ ಅದನ್ನು ಹೇಳುವ ಹಕ್ಕು ತಾಯಿಗಿಲ್ಲ, ಅತ್ತಿಗೆಗಿಲ್ಲ, ಡೇರಿಯ ಸಾಲಿಗಂತೂ ಇಲ್ಲವೇ ಇಲ್ಲ. ಇಷ್ಟು ಹೇಳಬಹುದು. ಹೊರಗೆ ಬಂದವಳ ಕೈ ಹಿಡಿದುಕೊಂಡು ಅಮ್ಮಾಜಮ್ಮ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ದಾರಿಯಲ್ಲಿ ಏನೂ ಕೇಳಲಿಲ್ಲ. ಮನೆಯ ಹುಳುಮನೆಯ ಬಾಗಿಲಲ್ಲಿ ಈಗ ಒಂದೇ ಬೇಸಿನ್ನಿದೆ. ಎಲ್ಲರೂ ಅದರಲ್ಲೇ ಕಾಲು ಅದ್ದುತ್ತಾರೆ, ಹುಳುವಿಗಾಗಿ. ಯಾಮಿನಿ ಭಾನುವಾರ ವ್ಯಾನು ಹತ್ತುವಾಗ ಅತ್ತೆ ಬುತ್ತಿ ಕಟ್ಟುತ್ತಾಳೆ. ಅದರಲ್ಲಿ ತನುಜಳ ಪಾಲೂ ಇರುತ್ತದೆ.

ಅಕ್ಕ, ತಂಗಿ, ಇದನ್ನು ಓದುತ್ತಿರುವ ಅಣ್ಣ, ಈಗ ನಿಮ್ಮ ಮನೆಯ ಮಾತು. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಎಚ್‌ಐವಿ ಪರೀಕ್ಷೆ ಆಗಿದೆಯೇ ಎಂದು ಇಂದೇ ವಿಚಾರಿಸಿ. ಗಂಡನೂ ಜೊತೆಯಲ್ಲಿ ಮಾಡಿಸಿಕೊಳ್ಳಲಿ, ಅದು ಅವಳೊಬ್ಬಳ ಪರೀಕ್ಷೆಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ, ಮಾತ್ರೆಯೂ ಉಚಿತ, ಗುಟ್ಟು ನಿಮ್ಮದು. ಕೇಳಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ, ಅದಕ್ಕೂ ಖರ್ಚಿಲ್ಲ. ಎಚ್‌ಐವಿ ಇರುವವರು ನಿಮ್ಮ ಬಾಗಿಲಿಗೆ ಬಂದರೆ ಬೇರೆ ಲೋಟ ಹುಡುಕಬೇಡಿ. ಯಾರಾದರೂ ಆಡಿಕೊಂಡರೆ ತಲೆ ತಗ್ಗಿಸಬೇಡಿ. ಬೆಂಚಿನಲ್ಲಿ ಸ್ವಲ್ಪ ಜರುಗಿ, ಅವರಿಗೂ ಜಾಗ ಮಾಡಿಕೊಡಿ.