ಐದನೆಯ ಅಧ್ಯಾಯ

ದಿವಾ ಸ್ಟೇಷನ್ನಿನಲ್ಲಿ ಗರ್ದಿಯಿಂದಾಗಿ ಎರಡು ಲೋಕಲ್ ರೈಲು ಬಿಟ್ಟು ಮೂರನೆಯದಕ್ಕೆ ನುಗ್ಗಿದ ನಿಶ್ಮಿತಾ ಗಡಿಯಾರ ನೋಡಿಕೊಂಡಳು. ಹನ್ನೊಂದು ಗಂಟೆಗೆ ವಾಶಿಯಲ್ಲಿ ಅವಳ ಪಿಎಚ್.ಡಿ. ಮೌಖಿಕ ಪರೀಕ್ಷೆ ಇತ್ತು. ಡೊಂಬಿವಲಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಏಳು ವರ್ಷ ಬರೆದ ಪ್ರಬಂಧ ಅದು.

ಅವಳ ಮಾರ್ಗದರ್ಶಕರು ಥಾಣೆಯ ನೌಪಾಡಾದ ಮೋಹನದಾಸ ಸರ್. ನರ್ಮದೆಯ ದಡದಲ್ಲಿ ಪುಲಕೇಶಿ ಹರ್ಷನನ್ನು ತಡೆದ ಆ ಒಂದೇ ಯುದ್ಧ ದಕ್ಷಿಣದ ಚರಿತ್ರೆಯ ದಿಕ್ಕನ್ನೇ ಬದಲಿಸಿತು ಎಂದು ಅವರು ಮೂವತ್ತು ವರ್ಷ ವಾದಿಸಿಕೊಂಡು ಬಂದವರು. ನಿಶ್ಮಿತಾಳೂ ಮೊದಲು ಹಾಗೆಯೇ ಬರೆದಿದ್ದಳು. ಪ್ರಬಂಧ ಸಲ್ಲಿಸುವ ಕೊನೆಯ ತಿಂಗಳಲ್ಲಿ ಮಾತ್ರ, ಅಷ್ಟು ದೊಡ್ಡ ಮಾತಿಗೆ ಆಧಾರ ಸಾಲದು ಎನ್ನಿಸಿ, ಐದನೆಯ ಅಧ್ಯಾಯವನ್ನು ತಿರುಗಿಸಿ ಬರೆದಳು. ಸರ್‌ಗೆ ಹೇಳಲಿಲ್ಲ. ಹಿಂದಿನ ಕರಡು ಓದಿದ್ದ ಅವರು ನಂಬಿಕೆಯಿಂದ ಸಹಿ ಹಾಕಿಬಿಟ್ಟಿದ್ದರು.

ಥಾಣೆಯಲ್ಲಿ ರೈಲು ಬದಲಿಸಿ ಐರೋಲಿ ದಾಟುವಷ್ಟರಲ್ಲಿ ಫೋನ್ ಬಂತು.

“ಐದನೇ ಅಧ್ಯಾಯ ಈಗ ಓದಿದೆ,” ಎಂದರು ಸರ್. ಧ್ವನಿ ತಣ್ಣಗಿತ್ತು. “ಇದು ಎಂತ ಮಾರಾಯ್ತಿ?”

“ಸರ್, ನಾನು ಹೇಳ್ಬೇಕು ಅಂತಿದ್ದೆ...”

“ಬಾ. ಅಲ್ಲಿ ನೋಡುವ.”

ಫೋನ್ ಕಟ್ಟಾಯಿತು. ಮಾರ್ಗದರ್ಶಕರೇ ವಿರುದ್ಧ ನಿಂತರೆ ಏಳು ವರ್ಷ ನೀರಿಗೆ ಹೋದಂತೆ. ಇಳಿದು ಮನೆಗೆ ಹೋಗಿಬಿಡಲೇ ಎಂದು ಘನ್ಸೋಲಿಯಲ್ಲಿ ಒಮ್ಮೆ ಬಾಗಿಲವರೆಗೂ ಬಂದಳು; ಹತ್ತುವವರು ಒಳಕ್ಕೆ ತಳ್ಳಿದರು.

ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕಿ ಶ್ರದ್ಧಾ ಮೇಡಂ ನೇರವಾಗಿ ಆ ಅಧ್ಯಾಯಕ್ಕೇ ಬಂದರು. “ಹಾಗಾದರೆ ಆ ಯುದ್ಧಕ್ಕೆ ಬೆಲೆಯೇ ಇಲ್ಲವೇ?”

“ಇದೆ ಮೇಡಂ,” ಎಂದಳು ನಿಶ್ಮಿತಾ. “ಆದರೆ ಸೋತ ಹರ್ಷ ಆಮೇಲೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಉತ್ತರವನ್ನು ಆಳಿದ. ಗೆದ್ದ ಪುಲಕೇಶಿಯ ಬಾದಾಮಿಯೇ ಪಲ್ಲವರ ಕೈಗೆ ಬಿತ್ತು. ಆ ಗೆಲುವನ್ನು ಹೇಳುವ ಐಹೊಳೆಯ ಶಾಸನ ಗೆದ್ದವರೇ ಬರೆಸಿದ್ದು. ಎಲ್ಲವೂ ಅದೊಂದೇ ದಿನ ತೀರ್ಮಾನವಾಯಿತು ಎನ್ನಲು ನನಗೆ ಧೈರ್ಯ ಸಾಲಲಿಲ್ಲ.”

ಮೋಹನದಾಸ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹರ್ಷ ಗೆದ್ದಿದ್ದರೆ?”

“ಗೊತ್ತಿಲ್ಲ ಸರ್,” ಎಂದಳು. “ನಿಮ್ಮ ಮಾತೇ ಸರಿ ಇರಬಹುದು. ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.”

ಅವರು ಕನ್ನಡಕ ಹಾಕಿಕೊಂಡು ಮುಂದಿನ ಅಧ್ಯಾಯ ತೆರೆದರು. ಅರ್ಧ ಗಂಟೆಯ ನಂತರ ಶ್ರದ್ಧಾ ಮೇಡಂ ಕೈಕುಲುಕಿ ಅವಳನ್ನು ಡಾಕ್ಟರ್ ಎಂದು ಕರೆದರು. ಸರ್ ಚಹಾ ಕುಡಿಯದೆ ಹೊರಟಿದ್ದರು. ನಿಶ್ಮಿತಾ ಗೇಟಿನವರೆಗೆ ಓಡಿದಳು.

“ಸಾರಿ ಸರ್. ಹೆದರಿಕೆ ಆಯ್ತು.”

“ನನ್ನ ಹತ್ತಿರ ಎಂತದು ಹೆದರಿಕೆ?” ಅವರ ಮುಖ ಬಾಡಿತ್ತು. “ನೀನು ಬೇರೆ ಬರೆದದ್ದಕ್ಕೆ ಬೇಜಾರಿಲ್ಲ. ನಾನು ಕೇಳುವವನೇ ಅಲ್ಲ ಅಂತ ಅಂದುಕೊಂಡೆಯಲ್ಲ, ಅದಕ್ಕೆ.”

ರಿಕ್ಷಾ ಹೋಯಿತು. ಮನೆಯಲ್ಲಿ ಅಮ್ಮ ಪಾಯಸ ಮಾಡಿದ್ದಳು. ನಿಶ್ಮಿತಾ ಬಟ್ಟಲನ್ನು ಹಾಗೆಯೇ ಬದಿಗಿಟ್ಟಳು. ವಾರವಿಡೀ ಫೋನ್ ಮಾಡಲು ಹೋಗಿ ಮಾಡಲಾಗದೆ, ಕೊನೆಗೆ ಭಾನುವಾರ ಬೆಳಿಗ್ಗೆ ನೌಪಾಡಾಕ್ಕೆ ಹೋಗಿ ಬೆಲ್ ಒತ್ತಿದಳು. ಬಾಗಿಲು ತೆರೆದವರು ಸರ್ ಅವರೇ.

“ಪುಟ ನೂರ ನಲವತ್ತೆರಡು,” ಎಂದರು. “ಅಲ್ಲಿ ನಿನ್ನ ವಾದ ತೀರಾ ಸಡಿಲ ಉಂಟು. ಬಾ, ಕೂತುಕೋ.”