ಕಾಕಟೂ ತಿಂದ ಹಾಸಿಗೆ

ಮಸಕಂಬಿಂಗ್ ದ್ವೀಪದಲ್ಲಿ ಹೆಣ್ಣು ಹೆತ್ತವರು ಚಿನ್ನ ಕೊಡದಿದ್ದರೂ ನಡೆದೀತು, ಹಾಸಿಗೆ ಕೊಡದೆ ನಡೆಯದು. ಅದೂ ಅಂಗಡಿಯ ಸ್ಪಂಜಿನ ಹಾಸಿಗೆಯಲ್ಲ. ಹುಡುಗಿಯ ಅಮ್ಮನ ಹಿತ್ತಲಲ್ಲೇ ಬೆಳೆದ ಬೂರುಗದ ಅರಳೆ ತುಂಬಿದ್ದು. ನಿಕಾಹಿಗೆ ಮುಂಚೆ ಬೀಗಿತ್ತಿ ಬಂದು ಅಂಗೈ ಊರಿ ಒತ್ತಿ ನೋಡುತ್ತಾಳೆ. ಕೈ ಮಂಚದ ಹಲಗೆಗೆ ತಾಗಿತೋ, ಹುಡುಗಿ ಮುದುಕಿಯಾಗುವವರೆಗೂ ಆ ಮಾತು ಅವಳ ಬೆನ್ನು ಬಿಡುವುದಿಲ್ಲ.

ಗಂಡನನ್ನು ಸಮುದ್ರಕ್ಕೆ ಕೊಟ್ಟಿದ್ದ ಸನಾಬಿಯಾ ಮಗಳು ಹಸ್ನಾಯೆನಿಯ ನಿಕಾಹಿಗೆ ಒಪ್ಪಿಕೊಂಡದ್ದೇ ಹಿತ್ತಲ ಬೂರುಗದ ಮರವನ್ನು ನಂಬಿ. ಆ ವರ್ಷ ಮರ ಮೈತುಂಬ ಕಾಯಿ ಬಿಟ್ಟಿತ್ತು. ಕಾಯಿ ಇನ್ನೂ ಹಸಿರಿರುವಾಗಲೇ ಗಿಳಿಯ ಜಾತಿಯ ಕಾಕಟೂಗಳು ಬಂದವು. ಬಿಳಿ ಮೈ, ನಿಂಬೆಹಣ್ಣಿನ ಬಣ್ಣದ ಜುಟ್ಟು, ಅಡಕತ್ತರಿಯಂಥ ಕರೀ ಕೊಕ್ಕು. ಒಂದು ಕಾಲಲ್ಲಿ ಕೊಂಬೆ ಹಿಡಿದು, ಇನ್ನೊಂದರಲ್ಲಿ ಕಾಯಿ ಎತ್ತಿ, ಎಳೆ ಬೀಜ ತಿಂದು, ಉಳಿದದ್ದನ್ನು ಸನಾಬಿಯಾಳ ತಲೆಯ ಮೇಲೇ ಎಸೆಯುತ್ತಿದ್ದವು. ಹೊಟ್ಟೆಗೆ ನನ್ನ ಮಗಳ ಹಾಸಿಗೆ, ಜುಟ್ಟಿಗೆ ಬೇರೆ ಹೂವು ಎಂದು ಅವಳು ದಿನಾ ಬೈಯುತ್ತಿದ್ದಳು. ಡಬ್ಬ ಬಡಿದಳು, ಹರಿದ ಬಲೆ ತೂಗಿದಳು. ಅವು ಜುಟ್ಟು ಬಿಚ್ಚಿ ಕುಣಿದವು. ಕಲ್ಲೆತ್ತುವಂತೆಯೂ ಇರಲಿಲ್ಲ, ಆ ಹಕ್ಕಿಗೆ ಕೈಮಾಡಿದವರು ದಂಡ ಕಟ್ಟಬೇಕೆಂದು ಊರವರೇ ಸೇರಿ ಕಟ್ಟಳೆ ಮಾಡಿದ್ದರು.

ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಮರದ ಒಣ ಟೊಂಗೆಯ ಪೊಟರೆಯಲ್ಲಿ ಒಂದು ಜೋಡಿ ಬೀಡುಬಿಟ್ಟಿತ್ತು. ಟೊಂಗೆ ಕಡಿದರೆ ಅವಕ್ಕೆ ಮನೆಯಿಲ್ಲ, ಮನೆಯಿಲ್ಲದಿದ್ದರೆ ಮರದ ಮೋಹವೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಚ್ಚು ತಾ ಎಂದು ಮೈದುನ ಲಹದ್ದಿಗೆ ಹೇಳಿ ಕಳಿಸಿದಳು. ಊರ ಪರವಾಗಿ ಆ ಹಕ್ಕಿಗಳ ಮೇಲೆ ಕಣ್ಣಿಟ್ಟಿದ್ದವನೂ ಅವನೇ. ಅವನು ಮಚ್ಚು ತಂದ, ಆದರೆ ಮರ ಹತ್ತಲಿಲ್ಲ.

"ಅತ್ತಿಗೆ, ಇವತ್ತು ಸಂಜೆ ಅಟ್ಟದ ಕಿಟಕೀಲಿ ಒಂದು ಗಳಿಗೆ ಕೂತ್ಕೊಳ್ಳಿ," ಎಂದ. "ನೋಡಿದ್ಮೇಲೂ ಕಡಿ ಅಂದ್ರೆ ನಾಳೆ ಕಡೀತೀನಿ. ದಂಡಾನೂ ನಾನೇ ಕಟ್ತೀನಿ."

ಗೊಣಗುತ್ತಲೇ ಅಟ್ಟ ಹತ್ತಿದಳು. ಪೊಟರೆ ಕಿಟಕಿಗೆ ಸರಿಯಾಗಿ ಎದುರಿತ್ತು. ಒಳಗಿಂದ ಗಂಡು ಹೊರಬಂತು. ಕಾದು ನಿಂತಿದ್ದ ಹೆಣ್ಣು ಮೊಟ್ಟೆ ಕಾಯಲು ಒಳಗೆ ಹೋಯಿತು. ಗಂಡಿನ ಕಣ್ಣು ಕಪ್ಪು, ಹೆಣ್ಣಿನದು ಕೆಂಗಂದು. ಹುಟ್ಟಿದಾಗಿನಿಂದ ಇವುಗಳ ಕೆಳಗೇ ಬಾಳಿದ್ದರೂ ಅವಳು ಇದನ್ನು ಕಂಡಿರಲಿಲ್ಲ. ಗಂಡ ಮೀನು ಹಿಡಿದು ಬಂದೊಡನೆ ಕೂಸನ್ನು ಅವನ ಕೈಗಿತ್ತು ತಾನು ಒಲೆಯ ಮುಂದೆ ಹೋಗುತ್ತಿದ್ದದ್ದು ನೆನಪಾಯಿತು.

ಹೊತ್ತು ಇಳಿಯಿತು. ತೆಂಗಿನ ತೋಪಿನಿಂದ, ಕಡಲಂಚಿನ ಕಾಂಡ್ಲಾ ಕಾಡಿನಿಂದ ಕಾಕಟೂಗಳು ಬರತೊಡಗಿದವು. ಒಂದು ಬಂದಿಳಿದಾಗ ಇದ್ದವೆಲ್ಲ ಜುಟ್ಟು ಬಿಚ್ಚಿ ಬರಮಾಡಿಕೊಂಡವು. ಮುಳುಗುವ ಬಿಸಿಲಲ್ಲಿ ಇಡೀ ಮರ ಹೂ ಬಿಟ್ಟ ಹಾಗೆ ಕಂಡಿತು. ಇಪ್ಪತ್ತು ಚಿಲ್ಲರೆ ಇದ್ದವು.

"ಇಷ್ಟೇ ಅತ್ತಿಗೆ," ಎಂದ ಲಹದ್ದಿ ಕೆಳಗಿನಿಂದ. "ಈ ಜಾತಿ ಇನ್ನೆಲ್ಲೂ ಇಲ್ಲ. ದುನಿಯಾದಲ್ಲಿ ಇರೋದೆಲ್ಲಾ ಈಗ ನಿಮ್ಮ ಮರದ ಮೇಲಿದೆ."

ಸನಾಬಿಯಾ ಕಿಟಕಿಯ ಚೌಕಟ್ಟು ಹಿಡಿದು ಮುಂದಕ್ಕೆ ಬಾಗಿ ನೋಡಿದಳು. ಒಂದು ಇಡೀ ಕುಲ, ಅಜ್ಜಿ ಮೊಮ್ಮಕ್ಕಳ ಸಮೇತ, ತನ್ನ ಹಿತ್ತಲಿಗೆ ಮಲಗಲು ಬಂದಿದೆ. ಅಲ್ಲಾಹನು ಇದನ್ನೆಲ್ಲ ಇಟ್ಟುಕೊಳ್ಳಲು ಬೇರೆ ಜಾಗವೇ ಇಲ್ಲವೆನ್ನುವ ಹಾಗೆ ತನ್ನ ಮರದಲ್ಲಿಟ್ಟಿದ್ದಾನೆ. ಸಂತೋಷಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಚ್ಚಿನ ಮಾತು ಅವಳು ಮತ್ತೆ ಎತ್ತಲಿಲ್ಲ.

ಕೊಯ್ಲಿಗೆ ಸಿಕ್ಕ ಅರಳೆ ಎರಡು ದಿಂಬಿಗಷ್ಟೇ ಆಯಿತು. ತಾನು ಗಂಡನ ಜೊತೆ ಮಲಗಿದ್ದ ಹಾಸಿಗೆಯನ್ನೇ ಬಿಚ್ಚಿ, ಅದೇ ಮರದ ಹಳೇ ಅರಳೆಯನ್ನು ಬಿಸಿಲಿಗೆ ಹರಡಿ, ಕೋಲಿನಿಂದ ಬಡಿದು, ಹೊಸ ಬಟ್ಟೆಗೆ ತುಂಬಿದಳು. ಎಷ್ಟು ಬಡಿದರೂ ಹಳೆಯದು ಹಳೆಯದೇ. ಹಸ್ನಾಯೆನಿಯ ಮುಖ ಬಾಡಿತ್ತು.

ಪಕ್ಕದ ದೊಡ್ಡ ದ್ವೀಪ ಮಸಲೆಂಬುವಿನಿಂದ ಬೀಗಿತ್ತಿ ಮೈಮುನಾ ದೋಣಿಯಲ್ಲಿ ಬಂದಳು. ಬಾಯಿಗೆ ಬೀಗವಿಲ್ಲದವಳೆಂದೇ ಹೆಸರು. ಕಾಫಿ ಕುಡಿದು, ಸಂಜೆಯಾಗುತ್ತಿದ್ದಂತೆ ಹಾಸಿಗೆಯ ಮೇಲೆ ಅಂಗೈ ಊರಿದಳು. ಕೈ ಹಲಗೆಗೆ ತಾಗಿತು.

"ಇದು ಹಾಸಿಗೇನೋ ಹಪ್ಪಳಾನೋ?" ಎಂದಳು. "ಅಷ್ಟು ದೊಡ್ಡ ಮರದ ಕಾಯೆಲ್ಲ ಏನಾಯ್ತು?"

"ಕಾಕಟೂ ತಿಂದ್ವು," ಎಂದಳು ಸನಾಬಿಯಾ. "ನಾನೇ ತಿನ್ನೋಕೆ ಬಿಟ್ಟೆ."

ಮೈಮುನಾ ಇನ್ನೇನು ಬಾಯಿ ತೆರೆಯಬೇಕು, ಹಿತ್ತಲಲ್ಲಿ ಒಂದು ಕಾಕಟೂ ಕೂಗಿತು. ತೋಪಿನ ಕಡೆಯಿಂದ ಇನ್ನೊಂದು ಓಗೊಟ್ಟಿತು. ಅವಳು ಹಾಸಿಗೆ ಬಿಟ್ಟು ಎದ್ದು ಕಿಟಕಿಗೆ ಹೋದಳು. ಮಸಲೆಂಬುವಿನಲ್ಲಿ ಆ ಹಕ್ಕಿಗಳನ್ನು ಹಿಡಿದು, ಮಾರಿ, ಮುಗಿಸಿ ಒಂದು ತಲೆಮಾರಾಗಿತ್ತು. ಅವಳು ಹುಡುಗಿಯಾಗಿದ್ದಾಗ ಅವರ ಮನೆಯ ಜಗಲಿಯಲ್ಲೂ ಒಂದಿತ್ತಂತೆ. ಕಾಲಿಗೆ ಬಳೆ, ಬಳೆಗೆ ಸರಪಳಿ. ಮನೆಮಂದಿಗೆಲ್ಲ ಅದರ ಮೇಲೆ ಪ್ರಾಣವಂತೆ.

ಹೊರಗೆ, ಮರಕ್ಕೆ ಬರುವ ಹಕ್ಕಿ ಕೂಗುತ್ತಿತ್ತು, ಕೂತ ಹಕ್ಕಿ ಉತ್ತರ ಕೊಡುತ್ತಿತ್ತು. ಉತ್ತರವಿಲ್ಲದ ಕೂಗು ಒಂದೂ ಇರಲಿಲ್ಲ.

"ನಮ್ಮನೇದೂ ದಿನಾ ಈ ಹೊತ್ತಿಗೆ ಹೀಗೇ ಕೂಗ್ತಿತ್ತು," ಎಂದಳು ಮೈಮುನಾ. "ನಮ್ಮನ್ನ ಕರೀತಿದೆ ಅಂದ್ಕೊಂಡು ನಾವು ಜೋಳ ಹಾಕ್ತಿದ್ವಿ."

ಸನಾಬಿಯಾ ಹೋಗಿ ಅವಳ ಪಕ್ಕದಲ್ಲಿ ನಿಂತಳು. ಮರ ಸದ್ದಡಗುವವರೆಗೂ ಇಬ್ಬರೂ ಕಿಟಕಿ ಬಿಡಲಿಲ್ಲ. ಆಮೇಲೆ ಮೈಮುನಾ ತಲೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು ಹಸ್ನಾಯೆನಿಯನ್ನು ಕರೆದಳು. ಹಾಸಿಗೆ ಸುತ್ತಿ ದೋಣಿಗೆ ಹಾಕಿಸು ಎಂದಳು. ಊರಲ್ಲಿ ಯಾರಾದರೂ ಕೇಳಿದರೆ, ಅತ್ತೆಯ ಕೈ ಮೊಣಕೈವರೆಗೂ ಹೂತುಹೋಯಿತು ಅನ್ನು ಎಂದಳು.