ಡಿಸ್ಕಿನ ಹಾಡು

ಬೇಕರಿಯ ಬಾಗಿಲು ಹಾಕಲು ಬರುತ್ತಿಲ್ಲವೆಂದು ಮೊದಮೊದಲು ಎಲ್ಲರೂ ನಕ್ಕಿದ್ದರು. ಬೇಕರಿಯವನನ್ನು ಬೀದಿಯವರು ಕರೆಯುತ್ತಿದ್ದದ್ದು ಬ್ರೆಡ್ಡಣ್ಣ ಎಂದು. ಅವನು ಬಡಗಿಯನ್ನು ಕರೆಸಿ ಬಾಗಿಲ ಅಂಚನ್ನು ಎರಡು ಸಲ ಕೆತ್ತಿಸಿದ. ಮತ್ತೆ ಕರೆಸಿದಾಗ ಬಡಗಿ, "ಬಾಗಿಲು ನೆಟ್ಟಗೇ ಇದೆ ಕಣಣ್ಣ, ಸೊಟ್ಟಗಾಗ್ತಿರೋದು ಗೋಡೆ," ಎಂದು ಹೇಳಿ, ಕೂಲಿ ಬೇಡವೆಂದು ಹೊರಟುಹೋದ. ಆಮೇಲೊಂದು ಬೆಳಿಗ್ಗೆ ದರ್ಜಿಯ ಹಿತ್ತಲಿನಲ್ಲಿ ನೀರಿನ ತೊಟ್ಟಿ ಇರಲಿಲ್ಲ. ತೊಟ್ಟಿ ಇದ್ದಲ್ಲಿ ಒಂದು ಗುಂಡಿ ಇತ್ತು. ಕಲ್ಲು ಹಾಕಿದರೆ ಅದು ಬಿದ್ದ ಸದ್ದು ಬರಲಿಲ್ಲ. ಅಂದಿನಿಂದ ಯಾರೂ ನಗಲಿಲ್ಲ.

ಬೀದಿಯ ಅಡಿಯಲ್ಲಿ ಹಳೆಯ ಗಣಿಯ ಸುರಂಗಗಳಿವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಲ್ಲೆಲ್ಲಿವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಣಿ ಮುಚ್ಚಿ ಒಂದು ತಲೆಮಾರು ಕಳೆದಿತ್ತು, ಕಾಗದದ ನಕ್ಷೆಗಳು ಬೆಂಕಿಗೆ ಹೋಗಿದ್ದವು. ಪರೀಕ್ಷೆಗೆ ಬಂದ ಎಂಜಿನಿಯರು ಒಳ್ಳೆಯ ಮನುಷ್ಯ. ಪ್ರತಿ ಮನೆಯ ಬಿರುಕನ್ನೂ ಗಾಯ ಮುಟ್ಟುವ ಹಾಗೆ ಮೆಲ್ಲಗೆ ಮುಟ್ಟಿ ನೋಡಿದ.

"ಸುರಂಗ ಇಂಥಾ ಕಡೆ ಇದೆ ಅಂತ ತೋರಿಸಿ, ಅಲ್ಲಿಗೇ ಕೊರೆದು ಕಾಂಕ್ರೀಟ್ ತುಂಬಿಸ್ತೀನಿ. ಕಣ್ಣು ಮುಚ್ಚಿ ಕೊರೆದ್ರೆ ನಾವೇ ಬೀದಿನ ಕೆಳಗಿಳಿಸಿದ ಹಾಗಾಗತ್ತೆ," ಎಂದ.

ತೋರಿಸಬಲ್ಲದ್ದು ಒಂದೇ ವಸ್ತು ಉಳಿದಿತ್ತು. ಗಣಿಯ ಕೊನೆಯ ಸರ್ವೆಯನ್ನು ತುಂಬಿಸಿಟ್ಟಿದ್ದ ಒಂದು ಡಿಸ್ಕ್. ಈಗಿನವುಗಳ ಹಾಗೆ ಜೇಬಿಗೆ ಹಾಕಿಕೊಳ್ಳುವಂಥದಲ್ಲ. ಊಟದ ತಟ್ಟೆಗಿಂತ ಅಗಲವಾದ, ಬಿಳಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತ ಕಂದು ಬಣ್ಣದ ಬಿಲ್ಲೆ. ಅದನ್ನು ಓದಬಲ್ಲ ಯಂತ್ರವೂ ಒಂದೇ, ಆ ಯಂತ್ರವನ್ನು ಬಲ್ಲವರೂ ಒಬ್ಬರೇ. ಅವರು ಬೀದಿಯ ಕೊನೆಯ ಮನೆಯ ದೊಡ್ಡಪ್ಪ.

ದೊಡ್ಡಪ್ಪ ಗಣಿಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತರಾಗಿ, ನಿವೃತ್ತರಾದ ಮೇಲೂ ಅಲ್ಲಿಗೇ ಹೋಗುತ್ತಿದ್ದರು. ಕಟ್ಟಡ ಈಗ ಒಂದು ಕಾಲೇಜಿನ ಉಗ್ರಾಣವಾಗಿತ್ತು. ಕಾವಲುಗಾರ ಅವರಿಗಾಗಿ ಒಂದು ಬೀಗದ ಕೈಯನ್ನು ಕಿಟಕಿಯ ಸಂದಿಯಲ್ಲಿಟ್ಟು, ಅಲ್ಲಿಟ್ಟದ್ದು ತನಗೆ ನೆನಪೇ ಇಲ್ಲದವನಂತೆ ಇರುತ್ತಿದ್ದ. ಒಳಗೆ ಎರಡು ಬೀರುಗಳಷ್ಟು ದೊಡ್ಡ ಮಿನಿ ಕಂಪ್ಯೂಟರ್ ನಿಂತಿತ್ತು.

"ಇದು ಮಿನಿ ಆದ್ರೆ, ದೊಡ್ಡದನ್ನ ನೋಡೋಕೆ ಊರಾಚೆ ಹೋಗಿ ನಿಲ್ಲಬೇಕಿತ್ತೇನೋ," ಎಂದ ಬ್ರೆಡ್ಡಣ್ಣ. ಡಿಸ್ಕನ್ನು ಓದುವ ದಿನ ಬೀದಿಯ ಪರವಾಗಿ ಅವನೂ ಬಂದಿದ್ದ. ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣವಿತ್ತು.

"ನಿನ್ನ ಬ್ರೆಡ್ಡಿನ ಪುಡಿ ಒಂದು ಇದರೊಳಗೆ ಬಿದ್ರೆ ನಿನ್ನನ್ನ ನಿನ್ನ ಒಲೆಗೇ ಹಾಕ್ತೀನಿ," ಎಂದರು ದೊಡ್ಡಪ್ಪ. "ಹೊರಗಿಟ್ಟು ಬಾ."

ಯಂತ್ರಕ್ಕೆ ಜೀವ ಕೊಟ್ಟವಳು ಪುಟ್ಟಿ, ದೊಡ್ಡಪ್ಪನ ತಮ್ಮನ ಮಗಳು. ತಲೆ ನರೆತರೂ ಮನೆಯವರಿಗೆ ಅವಳು ಪುಟ್ಟಿಯೇ. ಕಂಪನಿ ಕೊಟ್ಟಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಟೇಪುಗಳು ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಪುಟ್ಟಿ ಅದರ ಬದಲು ಮುಕ್ತ ಸಿಸ್ಟಮ್ ಒಂದನ್ನು ತಂದು ಹಾಕಿದಳು. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಡಿಸ್ಕುಗಳನ್ನು ತಿರುಗಿಸಿ ಓದುವ ಡ್ರೈವ್‌ಗಳ ಜೊತೆ ಅದು ಮಾತಾಡದೆ ಹಟ ಹಿಡಿದಾಗ ಅವಳು ಇಂಟರ್ನೆಟ್ಟಿನಲ್ಲಿ ಕೇಳಿದಳು. ಎಲ್ಲಿಯವರೋ ಒಬ್ಬರು ಕೋಡನ್ನು ತಿದ್ದಿ ಕಳಿಸಿದರು. ನನ್ನ ಬಳಿ ಈ ಯಂತ್ರವಿಲ್ಲ, ನಿಮ್ಮದು ಓಡಿದರೆ ನನಗೊಂದು ಮಾತು ತಿಳಿಸಿ ಎಂದು ಕೆಳಗೆ ಬರೆದಿದ್ದರು.

"ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ನಮಗೋಸ್ಕರ ವಾರಗಟ್ಟಲೆ ಕೂತಿದ್ದಾರೆ, ದೊಡ್ಡಮ್ಮ," ಎಂದು ಪುಟ್ಟಿ ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು.

ದೊಡ್ಡಮ್ಮ ಆ ಕೋಣೆಗೆ ಬಂದದ್ದು ಅದೇ ಮೊದಲು. ಪ್ರಾಥಮಿಕ ಶಾಲೆಯ ಟೀಚರಾಗಿದ್ದವರು. ಚಹಾದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವ್‌ಗಳ ಪಕ್ಕದ ಸ್ಟೂಲಿನ ಮೇಲೆ ಕೂತರು. ಮೂರು ಡ್ರೈವ್‌ಗಳಿದ್ದವು. ಮೇಲಿನದರಲ್ಲಿ ಪುಟ್ಟಿಯ ಸಿಸ್ಟಮ್ ಓಡುತ್ತಿತ್ತು. ಕೆಳಗೆ ಎಡಕ್ಕೊಂದು, ಬಲಕ್ಕೊಂದು ಖಾಲಿ ಇದ್ದವು. ಪುಟ್ಟಿ ಗಾಜಿನ ಗೋಡೆಯಾಚೆ ಟರ್ಮಿನಲ್ ಮುಂದೆ ಕೂತಿದ್ದಳು. ನಡುವಿನ ಬಾಗಿಲು ತೆರೆದಿದ್ದರೂ ಫ್ಯಾನುಗಳ ಮೊರೆತದಲ್ಲಿ ಕೂಗಿಯೇ ಮಾತಾಡಬೇಕಿತ್ತು.

"ಬ್ರೆಡ್ಡಣ್ಣ, ಇಲ್ಲಿ ನೋಡು," ಎಂದರು ದೊಡ್ಡಪ್ಪ. "ಬಿಲ್ಲೆ ತಿರುಗುವಾಗ ಓದೋ ಹೆಡ್ಡು ಅದನ್ನ ಮುಟ್ಟೋದಿಲ್ಲ. ಕೂದಲೆಳೆಗಿಂತ ಸಣ್ಣ ಸಂದು, ಅದರಲ್ಲಿ ಗಾಳಿ ಮೇಲೆ ತೇಲ್ತಾ ಇರತ್ತೆ. ಒಂದು ಧೂಳಿನ ಕಣ ಸಿಕ್ಕಿ ಹೆಡ್ಡು ತಾಗ್ತು ಅನ್ನು, ಬಿಲ್ಲೆ ಗೀರಿಹೋಗತ್ತೆ. ಆ ಗೀರಿದ ಬಿಲ್ಲೆನ ಇನ್ನೊಂದು ಡ್ರೈವ್‌ಗೆ ಹಾಕಿದ್ರೆ ಅದರ ಹೆಡ್ಡೂ ಹೋಯ್ತು. ಆ ಹೆಡ್ಡಿನ ಕೆಳಗೆ ಯಾವ ಒಳ್ಳೇ ಬಿಲ್ಲೆ ಇಟ್ರೂ ಅದೂ ಹೋಯ್ತು."

"ಕಜ್ಜಿ ಹತ್ತಿದ ಹಾಗೆ."

"ಹಾಗೇ. ಅದಕ್ಕೇ ಮೊದಲು ಕಿವಿಗೊಡಬೇಕು. ಚೆನ್ನಾಗಿದ್ರೆ ಹಾಡ್ತಾ ಇರತ್ತೆ. ತಾಗಿದ್ರೆ ಸಣ್ಣಗೆ ಕೀರಲು ದನಿ ಹೊರಡತ್ತೆ. ಗಣಿಯಲ್ಲಿ ಅದನ್ನ ಎಲ್ಲರಿಗಿಂತ ಮುಂಚೆ ಕೇಳಿಸ್ಕೊಳ್ತಿದ್ದವನು ನಾನು. ನನ್ನ ಕಿವಿ ಅಂದ್ರೆ ಮ್ಯಾನೇಜರೂ ಎದ್ದು ನಿಲ್ತಿದ್ದ."

ದೊಡ್ಡಮ್ಮ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ, ಮತ್ತೆ ಬಿಗಿ ಮಾಡಿದರು.

ಕಿವಿಯ ಡಾಕ್ಟರು ಅವರೊಬ್ಬರಿಗೇ ಹೇಳಿದ್ದರು. ನಿಮ್ಮ ಯಜಮಾನರಿಗೆ ಮಾತು ಕೇಳುತ್ತದೆ, ಆದರೆ ಕೀರಲು ಸದ್ದುಗಳೆಲ್ಲ ಹೋಗಿಬಿಟ್ಟಿವೆ, ಸೀಟಿ ಊದಿದರೂ ತಿಳಿಯುವುದಿಲ್ಲ ಎಂದು. ಹೊರಗೆ ಕಾಯುತ್ತಿದ್ದ ಗಂಡ, "ಏನಂದ್ರು?" ಎಂದಾಗ ದೊಡ್ಡಮ್ಮ, "ವಯಸ್ಸಿಗೆ ತಕ್ಕ ಹಾಗಿದೆಯಂತೆ," ಎಂದಿದ್ದರು. ಕಾಲಿಲ್ಲ ಎಂದು ಹೇಳಿದ್ದರೂ ತಡೆದುಕೊಂಡಾರು, ಕಿವಿಯೆಂದರೆ ತಡೆಯಲಾರರು ಎಂದು ಅವರಿಗೆ ಗೊತ್ತಿತ್ತು. ಆ ಮೇಲೆ ಮನೆಯ ಕರೆಗಂಟೆಯನ್ನು ಬದಲಾಯಿಸಿ ದಪ್ಪ ದನಿಯದನ್ನು ಹಾಕಿಸಿದರು. ಕೆಟಲ್ ಸೀಟಿ ಹೊಡೆಯುವ ಮೊದಲೇ ಒಲೆ ಆರಿಸಿ, "ನೀರು ಕಾಯ್ತು ನೋಡಿ," ಎನ್ನುವುದನ್ನು ರೂಢಿಸಿಕೊಂಡರು. ಆ ಮನೆಯಲ್ಲಿ ದೊಡ್ಡಪ್ಪನ ಕಿವಿ ಎಂದೂ ತಪ್ಪುತ್ತಿರಲಿಲ್ಲ.

ಸರ್ವೆಯ ಡಿಸ್ಕಿಗೆ ಮೊದಲು, ಹೋದರೂ ನಷ್ಟವಿಲ್ಲದ ಒಂದು ಡಿಸ್ಕನ್ನು ಹಾಕಿ ಪರೀಕ್ಷಿಸುವುದೆಂದು ಮಾತಾಗಿತ್ತು. ದೊಡ್ಡಪ್ಪ ಅದನ್ನು ಎಡಗಡೆಯ ಡ್ರೈವ್‌ಗೆ ತಳ್ಳಿ, ಗುಂಡಿ ಒತ್ತಿ, ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ ಯಂತ್ರದ ಬೀರುವಿಗೆ ಕಿವಿ ಇಟ್ಟರು. ಬಿಲ್ಲೆ ವೇಗ ಹಿಡಿಯಿತು. ಒಳಗೆ ಹೆಡ್ಡು ಟಕ್ಕೆಂದು ಇಳಿಯಿತು.

ದೊಡ್ಡಮ್ಮನಿಗೆ ಸದ್ದು ಕೇಳಿಸಿತು. ಹೊಸ ಬಳಪವನ್ನು ಸ್ಲೇಟಿನ ಮೇಲೆ ಎಳೆದಾಗ ಹಲ್ಲು ಜುಮ್ಮೆನ್ನಿಸುವಂಥ ಸಣ್ಣ ಕೀರಲು. ಅವರು ಗಂಡನ ಮುಖ ನೋಡಿದರು. ಆ ಮುಖ ನಗುತ್ತಿತ್ತು.

"ಹಾಡ್ತಾ ಇದೆ," ಎಂದರು ದೊಡ್ಡಪ್ಪ.

ಇವರು ಹಾಡು ಎನ್ನುವುದು ಇದನ್ನೇ ಇರಬಹುದು ಎಂದುಕೊಂಡರು ದೊಡ್ಡಮ್ಮ. ಹಾಗಲ್ಲವೆಂದು ಒಳಗೆ ಗೊತ್ತಿತ್ತು. ಬ್ರೆಡ್ಡಣ್ಣ ಗಾಜಿನಾಚೆ ಪುಟ್ಟಿಯ ಹಿಂದೆ ನಿಂತು ಇವರತ್ತಲೇ ನೋಡುತ್ತಿದ್ದ. ಅವನೆದುರು, ಮಗಳಂಥವಳ ಎದುರು, ಗಂಡ ಈ ಬೀರುವಿಗೆ ಒರಗಿರುವಾಗಲೇ ಹೇಳುವುದು ಹೇಗೆ? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು.

"ಎರರ್ ಬರ್ತಿದೆ, ದೊಡ್ಡಪ್ಪ," ಎಂದು ಪುಟ್ಟಿ ಕೂಗಿದಳು. "ಡ್ರೈವ್ ಸರಿಯಿದೆಯಾ?"

"ಡ್ರೈವ್ ಚಿನ್ನದ ಹಾಗಿದೆ. ಡಿಸ್ಕೇ ಹಳಸಿರಬೇಕು. ತಡಿ, ಬಲಗಡೆದಕ್ಕೆ ಹಾಕಿ ನೋಡೋಣ, ತಪ್ಪು ಯಾರದು ಅಂತ ಗೊತ್ತಾಗತ್ತೆ."

ಬಲಗಡೆಯಲ್ಲೂ ಅದೇ ಸದ್ದು. ದೊಡ್ಡಮ್ಮ, "ರೀ," ಎಂದರು.

"ಏನು?"

"ಚಹಾ ಕೊಡ್ಲಾ ಅಂತ."

"ಈಗಲಾ? ಸುಮ್ನಿರು ಮಾರಾಯ್ತಿ." ಮತ್ತೆ ಕಿವಿ ಇಟ್ಟು ಕೇಳಿದರು. "ಇದೂ ಹಾಡ್ತಿದೆ. ಎರಡರಲ್ಲೂ ಎರರ್ ಅಂದ ಮೇಲೆ ಡಿಸ್ಕಿಂದೇ ತಪ್ಪು. ತೆಗೆದು ಎಸೀತೀನಿ. ಪುಟ್ಟಿ, ಸರ್ವೆದು ಹಾಕ್ಲಾ?"

ಪುಟ್ಟಿ ಎದ್ದು ಬಾಗಿಲವರೆಗೆ ಬಂದಳು. "ನೀವು ಸರಿಯಾಗಿ ಕೇಳಿಸ್ಕೊಂಡ್ರಿ ತಾನೇ, ದೊಡ್ಡಪ್ಪ? ನಾನೂ ಒಂದ್ಸಲ ಕೇಳ್ಲಾ?"

ದೊಡ್ಡಪ್ಪ ಅವಳನ್ನು ನೋಡಿದರು. ಕೋಪದಿಂದಲ್ಲ, ಪೆಟ್ಟು ತಿಂದವರ ಹಾಗೆ. ಪುಟ್ಟಿಗೆ ಅದು ತಡೆಯಲಿಲ್ಲ. "ಇಲ್ಲ, ಬಿಡಿ. ನೀವು ಕೇಳಿದ್ಮೇಲೆ ಮುಗೀತು," ಎಂದು ಹಿಂದಿರುಗಿ ಹೋದಳು.

ದೊಡ್ಡಪ್ಪ ಸರ್ವೆಯ ಡಿಸ್ಕಿನ ಡಬ್ಬಿಯನ್ನು ಅಂಗಿಯ ಅಂಚಿನಿಂದ ಒರೆಸಿ ಬಲಗಡೆಯ ಡ್ರೈವ್‌ಗೆ ತಳ್ಳಿದರು.

ಮೊದಲು ಎಲ್ಲವೂ ಚೆನ್ನಾಗಿತ್ತು. ಯಂತ್ರಕ್ಕೆ ಜೋಡಿಸಿದ್ದ ಪುಟ್ಟಿಯ ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡತೊಡಗಿದವು. ಗಣಿಯ ಬಾಯಿ, ಅಲ್ಲಿಂದ ಹೊರಟ ದೊಡ್ಡ ಸುರಂಗ, ಅದರ ಕವಲುಗಳು. "ಶಾಲೆ ಕೆಳಗೆ ಏನೂ ಇಲ್ಲ," ಎಂದಳು ಪುಟ್ಟಿ, ಉಸಿರು ಬಿಟ್ಟು. "ದರ್ಜಿ ಹಿತ್ತಲು, ಇಲ್ಲಿ. ತೊಟ್ಟಿ ಬಿದ್ದಿದ್ದು ಇಲ್ಲೇ. ನೋಡಿ, ಬ್ರೆಡ್ಡಣ್ಣ, ಇದು ನಿಮ್ಮ ಒಲೆ."

"ನನ್ನ ಒಲೆ ಕೆಳಗೇ ಹೋಗಿದೆಯಲ್ಲಮ್ಮ," ಎಂದ ಬ್ರೆಡ್ಡಣ್ಣ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಮುಂದೆ ಎಲ್ಲಿಗೆ ಹೋಗತ್ತೆ?"

ಮುಂದೆ ಇದ್ದದ್ದು ದೊಡ್ಡಪ್ಪನ ಮನೆ.

ಆಗ ಸದ್ದು ಏರಿತು. ಫ್ಯಾನುಗಳ ಮೊರೆತವನ್ನು ಸೀಳಿಕೊಂಡು ಗಾಜಿನಾಚೆಗೂ ಹೋಯಿತು. ಬ್ರೆಡ್ಡಣ್ಣ ಕಿವಿ ಮುಚ್ಚಿಕೊಂಡ. ಪುಟ್ಟಿ ಕುರ್ಚಿ ಬೀಳಿಸಿ ಓಡಿ ಬಂದು ಡ್ರೈವ್ ನಿಲ್ಲಿಸಿದಳು. ಬೀರುವಿಗೆ ಕಿವಿ ಇಟ್ಟುಕೊಂಡೇ ಇದ್ದ ದೊಡ್ಡಪ್ಪ, "ಯಾಕೆ ನಿಲ್ಲಿಸ್ದೆ? ಹಾಡ್ತಾ ಇತ್ತಲ್ಲ," ಎಂದರು.

ಪುಟ್ಟಿ ಡಿಸ್ಕನ್ನು ಹೊರತೆಗೆದು ದೀಪಕ್ಕೆ ಹಿಡಿದಳು. ಕಂದು ಬಣ್ಣದ ನಡುವೆ ಉಂಗುರದ ಹಾಗೆ ಲೋಹ ಹೊಳೆಯುತ್ತಿತ್ತು. ಅವಳ ಬೆರಳಿಗೆ ಹತ್ತಿದ್ದ ಪುಡಿ ಕಾಫಿಪುಡಿಯ ಹಾಗಿತ್ತು. ಎಡಗಡೆಯ ಡ್ರೈವ್‌ನಲ್ಲಿ ಗಾಳಿ ಸೋಸುವ ಸ್ಪಂಜು ಮುದಿಯಾಗಿ ಉದುರಿತ್ತು. ಅದರ ಒಂದು ಚೂರು ಹೆಡ್ಡಿಗೆ ಸಿಕ್ಕಿತ್ತು. ಕಜ್ಜಿ ಎಡದಿಂದ ಬಲಕ್ಕೆ, ಬಲದಿಂದ ಸರ್ವೆಗೆ ಬಂದಿತ್ತು.

"ಸದ್ದು ಬಂತಾ?" ಎಂದು ದೊಡ್ಡಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದರು.

"ಕೊನೇಲಿ ಸ್ವಲ್ಪ ಬಂತು, ದೊಡ್ಡಪ್ಪ," ಎಂದಳು ಪುಟ್ಟಿ, ಮೃದುವಾಗಿ. "ಯಾರಿಗೂ ಗೊತ್ತಾಗ್ತಿರಲಿಲ್ಲ."

ಬ್ರೆಡ್ಡಣ್ಣನೂ ತಲೆಯಾಡಿಸಿದ. "ನನಗಂತೂ ಏನೂ ಕೇಳಿಸಲಿಲ್ಲ," ಎಂದ. ಅವನ ಒಂದು ಕೈ ಇನ್ನೂ ಕಿವಿಯ ಬಳಿಯೇ ಇತ್ತು. ಎಷ್ಟು ಒಳ್ಳೆಯವರು ಎನ್ನಿಸಿತು ದೊಡ್ಡಮ್ಮನಿಗೆ. ಹಾಗನ್ನಿಸಿದ್ದೇ ತಡ, ತಾವು ಇಷ್ಟು ದಿನ ಮಾಡುತ್ತ ಬಂದದ್ದೂ ಇದನ್ನೇ ಎಂದು ಹೊಳೆಯಿತು.

ಸಂಜೆಯ ಹೊತ್ತಿಗೆ ಎಂಜಿನಿಯರು ಸಿಕ್ಕಷ್ಟು ನಕ್ಷೆಯನ್ನು ತೆಗೆದುಕೊಂಡು ಹೋದ. ಬೇಕರಿಯವರೆಗೆ ತುಂಬಿಸಬಹುದು, ಅಲ್ಲಿಂದಾಚೆ ಗೆರೆ ಯಾವ ಕಡೆ ತಿರುಗಿದೆಯೋ ಹೇಳಲಾರೆ, ಸದ್ಯಕ್ಕೆ ಜಾಗ್ರತೆಯಾಗಿರಿ ಎಂದ. ಬ್ರೆಡ್ಡಣ್ಣ ಒಲೆ ಆರಿಸಿ, ಹೆಂಡತಿ ಮಕ್ಕಳನ್ನು ಅವಳ ತವರಿಗೆ ಕಳಿಸಿದ. ದೊಡ್ಡಪ್ಪ ಮಾತ್ರ ಮನೆಯಲ್ಲೇ ಕೂತರು.

"ನಮ್ಮ ಮನೆ ಕೆಳಗಿದ್ರೆ ನನಗೆ ಮೊದಲು ಕೇಳಿಸತ್ತೆ," ಎಂದರು. "ನೆಲ ಬಿಡೋ ಮುಂಚೆ ಕೀರಲು ಬರತ್ತೆ. ಗಣಿಯಲ್ಲಿ ಮರದ ಕಂಬಗಳು ಹಾಗೇ ಹೇಳ್ತಿದ್ವು. ನಾನಿದ್ದೀನಲ್ಲ, ನೀನು ಹೆದರಬೇಡ."

ದೊಡ್ಡಮ್ಮ ಅಡಿಗೆಮನೆಗೆ ಹೋಗಿ ಕೆಟಲಿಗೆ ನೀರು ತುಂಬಿ ಒಲೆ ಹಚ್ಚಿದರು. ಕೆಟಲ್ ಸೀಟಿ ಹೊಡೆಯತೊಡಗಿತು. ಅವರು ಒಲೆ ಆರಿಸಲಿಲ್ಲ. ಸೀಟಿ ಏರಿ ಏರಿ ಪಕ್ಕದ ಖಾಲಿ ಮನೆಗೂ ಕೇಳುವಷ್ಟಾಯಿತು. ಹಿಂದೆಯೇ ಬಂದಿದ್ದ ದೊಡ್ಡಪ್ಪ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಬೆನ್ನು ಹಾಕಿ ಕೂತು ಕನ್ನಡಕ ಒರೆಸುತ್ತಿದ್ದರು.

ಬಹಳ ಹೊತ್ತಿನ ಮೇಲೆ ಕನ್ನಡಕದ ಗಾಜು ಮಂಜಾಯಿತು. ಅವರು ತಿರುಗಿದರು. ಹಬೆಯನ್ನು ನೋಡಿದರು, ಕೆಟಲಿನ ಬಾಯಿಯಲ್ಲಿ ನಡುಗುತ್ತಿದ್ದ ಪುಟ್ಟ ಮುಚ್ಚಳವನ್ನು ನೋಡಿದರು, ಕೈಕಟ್ಟಿ ನಿಂತ ಹೆಂಡತಿಯನ್ನು ನೋಡಿದರು.

"ಎಷ್ಟು ಹೊತ್ತಿಂದ?" ಎಂದು ಕೇಳಿದರು.

"ಆಗಿಂದ."

"ಅಲ್ಲ, ಎಷ್ಟು ದಿನದಿಂದ?"

"ಕರೆಗಂಟೆ ಬದಲಾಯಿಸಿದಾಗಿಂದ," ಎಂದರು ದೊಡ್ಡಮ್ಮ. "ಅಲ್ಲಿ ಎಡದ್ದೂ ಕೀರ್ತು, ಬಲದ್ದೂ ಕೀರ್ತು. ನನಗೆ ಕೇಳಿಸ್ತು."

ದೊಡ್ಡಪ್ಪ ಎದ್ದು ಒಲೆ ಆರಿಸಿದರು. ಗೋಡೆಯ ಬಳಿ ಹೋಗಿ ಬಿರುಕಿನ ಪಕ್ಕದಲ್ಲಿ ಅಂಗೈ ಊರಿದರು. ಅಭ್ಯಾಸದಂತೆ ತಲೆ ಗೋಡೆಯತ್ತ ಬಾಗಿತು. ಅರ್ಧಕ್ಕೆ ನಿಂತಿತು. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

"ನೀನು ಕೇಳು," ಎಂದರು. "ಇದ್ದದ್ದನ್ನ ಇದ್ದ ಹಾಗೆ ಹೇಳು."

ದೊಡ್ಡಮ್ಮ ಗೋಡೆಗೆ ಕಿವಿ ಇಟ್ಟರು. ಸುಣ್ಣ ತಣ್ಣಗಿತ್ತು. ಮೊದಲು ತಮ್ಮದೇ ಎದೆಬಡಿತ ಕೇಳಿಸಿತು. ಆಮೇಲೆ ಅದರ ಕೆಳಗೆ, ಬಹಳ ಕೆಳಗೆ, ಸ್ಲೇಟಿನ ಮೇಲೆ ಯಾರೋ ಬಳಪವನ್ನು ನಿಧಾನವಾಗಿ ಎಳೆಯುತ್ತಿದ್ದ ಹಾಗೆ.

ಅವರು ಗಂಡನ ಕೈ ಹಿಡಿದುಕೊಂಡರು.

"ಏನೂ ತಗೋಬೇಡಿ," ಎಂದರು. "ಚಪ್ಪಲಿ ಹಾಕ್ಕೊಳ್ಳಿ, ಬನ್ನಿ."